ಕೊಡಗಿನ ಹಾಗೆ ಎಲ್ಲರಿಗೂ ಕೋವಿ ಸಿಗಬೇಕಾ?

ನೀವು ಕೇಳಿದ್ದು ಇಷ್ಟು: ಕೊಡಗಿನಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು, ಹಾಗಂತ ಅಲ್ಲಿ ಜನ ದಿನಾ ಗುಂಡು ಹಾರಿಸಿಕೊಂಡು ಸಾಯುತ್ತಿಲ್ಲ. ಹಾಗಿದ್ದ ಮೇಲೆ ಬೆಂಗಳೂರಿನವರಿಗೂ ಆತ್ಮರಕ್ಷಣೆಗೆ ಬಂದೂಕು ಸುಲಭವಾಗಿ ಯಾಕೆ ಸಿಗಬಾರದು?

ಸಿಗಬಾರದು ಅಂತಲೇ ನನ್ನ ಅಭಿಪ್ರಾಯ. ನಾನು ಬಂದೂಕು ಕಂಡರೆ ಬೆಚ್ಚುವವನಲ್ಲ. ಸಕಲೇಶಪುರದ ಕಡೆ ನಮ್ಮದು ಕಾಫಿ ತೋಟ. ಬೆಳೆ ರಕ್ಷಣೆಗೆಂದು ತೆಗೆದುಕೊಂಡ ಲೈಸೆನ್ಸಿನ ಜೋಡಿ ನಳಿಗೆ ಕೋವಿ ಮನೆಯಲ್ಲಿದೆ.

ಮೊದಲು ಕೊಡಗಿನ ವಿಷಯ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಲೈಸೆನ್ಸಿನಿಂದ ವಿನಾಯಿತಿ ಕೊಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಅದರ ಪ್ರಕಾರ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಿಡುವಳಿದಾರರಿಗೂ ವಿನಾಯಿತಿ ಸಿಕ್ಕಿದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ಇದು ತಾರತಮ್ಯ ಅಂತ ಒಬ್ಬರು ಹೈಕೋರ್ಟಿಗೆ ಹೋದರು. 2021ರಲ್ಲಿ ಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೆ ವಿನಾಯಿತಿ ಅಂದರೆ ಲೆಕ್ಕಪತ್ರವೇ ಇಲ್ಲ ಅಂತಲ್ಲ. ಜಿಲ್ಲಾಡಳಿತದಿಂದ ವಿನಾಯಿತಿ ಪತ್ರ ಪಡೆಯಬೇಕು. ಯಾರ ಮನೆಯಲ್ಲಿ ಕೋವಿ ಇದೆ ಅಂತ ಸರ್ಕಾರಕ್ಕೂ ಗೊತ್ತು, ಊರಿಗೂ ಗೊತ್ತು.

ಇನ್ನೊಂದು ಮುಖ್ಯ ಸಂಗತಿ, ಅಲ್ಲಿ ಕೋವಿ ಮನೆತನದ್ದು. ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಅದಕ್ಕೆ ತೋಕ್ ಪೂ ಅನ್ನುವ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯ ನಡೆಯುತ್ತದೆ. ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಆಕಾಶಕ್ಕೊಂದು ಗುಂಡು. ಚಿಕ್ಕವರು ಹಿರಿಯರ ಕಣ್ಣೆದುರಲ್ಲೇ ಕೋವಿ ಹಿಡಿಯಲು ಕಲಿಯುತ್ತಾರೆ. ಅದೂ ಉದ್ದ ನಳಿಗೆಯ ಕೋವಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಬಾರಿಗೆ ಹೋಗುವಂಥದ್ದಲ್ಲ. ಇಷ್ಟಿದ್ದೂ ಆಸ್ತಿ ಜಗಳದಲ್ಲಿ ಕೋವಿ ಎತ್ತಿದ ಸುದ್ದಿ ಅಲ್ಲಿಂದಲೂ ಆಗಾಗ ಬರುತ್ತದೆ. ಸರ್ಕಾರ ಒಂದು ಆದೇಶ ಹೊರಡಿಸಿ ಬೆಂಗಳೂರಿಗೆ ಪಿಸ್ತೂಲು ಕೊಡಬಹುದು, ಈ ಪದ್ಧತಿಯನ್ನೆಲ್ಲ ಜೊತೆಗೆ ಕಟ್ಟಿ ಕೊಡಲು ಆಗುತ್ತಾ?

"ರೌಡಿಗಳ ಹತ್ತಿರ ಕಳ್ಳ ಪಿಸ್ತೂಲು ಇರುತ್ತೆ, ಒಳ್ಳೆಯವರು ಮಾತ್ರ ಬರಿಗೈಲಿ ಇರಬೇಕಾ?" ಅಂತಲೂ ಕೇಳಿದ್ದೀರಿ. ಮಾತಿನಲ್ಲಿ ನಿಜ ಇದೆ. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲು ಅಂತ ವಿಧಿವಿಜ್ಞಾನ ವರದಿ ಹೇಳಿತು. ಅದಕ್ಕೆ ಯಾವ ಲೈಸೆನ್ಸೂ ಇರಲಿಲ್ಲ. ಆದರೆ ಯೋಚಿಸಿ. ಒಬ್ಬರು ಬಾಗಿಲು ತೆರೆದಾಗ, ಇನ್ನೊಬ್ಬರು ಮನೆ ಗೇಟಿನ ಹತ್ತಿರ ಗುಂಡಿಗೆ ಬಲಿಯಾದರು. ಬೀರುವಿನಲ್ಲಿ ಬಂದೂಕು ಇದ್ದಿದ್ದರೆ ಏನು ಪ್ರಯೋಜನವಾಗುತ್ತಿತ್ತು? ಮೊದಲ ಗುಂಡು ಯಾವಾಗಲೂ ಹೊಂಚು ಹಾಕಿ ಬಂದವನದೇ. ಕಳ್ಳ ಪಿಸ್ತೂಲು ತಯಾರಿಸುವವರನ್ನು, ಸಾಗಿಸುವವರನ್ನು ಹಿಡಿಯುವುದು ಪೊಲೀಸರ ಕೆಲಸ. ಅದಾಗುತ್ತಿಲ್ಲ ಅಂತ ಮನೆಮನೆಗೂ ಬಂದೂಕು ಹಂಚಿದರೆ ಕಳ್ಳರಿಗೆ ಕದಿಯಲು ಇನ್ನೊಂದು ಸಾಮಾನು ಸಿಕ್ಕಿದ ಹಾಗೆ, ಅಷ್ಟೇ.

ಮನೆಯೊಳಗಿನ ಅಪಾಯದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಅಮೆರಿಕದಲ್ಲಿ 2021ರಲ್ಲಿ ಗುಂಡಿನಿಂದ ಸತ್ತವರು 48,830 ಜನ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಮನಸ್ಸು ಕೆಟ್ಟ ಒಂದು ಗಳಿಗೆಯಲ್ಲಿ ಕೈಗೆ ಏನು ಸಿಗುತ್ತದೆ ಅನ್ನುವುದರ ಮೇಲೆ ಬದುಕು ನಿಂತಿರುತ್ತದೆ. ಬೇರೆ ದಾರಿ ಹಿಡಿದ ಎಷ್ಟೋ ಜನರನ್ನು ಆಸ್ಪತ್ರೆಗೆ ಸೇರಿಸಿ ಉಳಿಸಿಕೊಳ್ಳಬಹುದು. ಗುಂಡು ಹೊಡೆದುಕೊಂಡವರಿಗೆ ಆ ಅವಕಾಶ ಸಿಗುವುದೇ ಅಪರೂಪ. ನಮ್ಮ ಮನೆಯಲ್ಲಿ ಕೋವಿ ಒಂದು ಕಡೆ, ತೋಟಾ (ಗುಂಡು) ಇನ್ನೊಂದು ಕಡೆ, ಎರಡಕ್ಕೂ ಬೇರೆ ಬೇರೆ ಬೀಗ ಇರುವುದು ಇದೇ ಕಾರಣಕ್ಕೆ. ಹೀಗಿಟ್ಟ ಕೋವಿ ನಡುರಾತ್ರಿ ಕಳ್ಳ ಬಂದರೆ ಉಪಯೋಗಕ್ಕೆ ಬರುವುದಿಲ್ಲ. ಉಪಯೋಗಕ್ಕೆ ಬರಲಿ ಅಂತ ದಿಂಬಿನ ಕೆಳಗೆ ಇಟ್ಟುಕೊಂಡರೆ ಮಕ್ಕಳ ಕೈಗೂ ಸಿಗುತ್ತದೆ. ಎರಡೂ ಬೇಕು ಅಂದರೆ ಆಗುವುದಿಲ್ಲ.

ನಮ್ಮ ಕೋವಿಯ ಕೆಲಸ ಹೆಚ್ಚಾಗಿ ಸದ್ದು ಮಾಡುವುದೇ. 1972ರ ವನ್ಯಜೀವಿ ಕಾಯ್ದೆ ಇರುವಾಗ ಗದ್ದೆಗೆ ಬಂದ ಹಂದಿಯನ್ನೂ ಸುಮ್ನೆ ಹೊಡೆದು ಹಾಕುವ ಹಾಗಿಲ್ಲ. ರಾತ್ರಿ ಕದ್ದು ಶಿಕಾರಿಗೆ ಹೋಗಿ, ಹಂದಿ ಅಂತ ಜೊತೆಗಾರನಿಗೇ ಈಡು ಹೊಡೆದ ಕಥೆಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ. ಅನುಭವ ಇದ್ದವರ ಕೈಯಲ್ಲೇ ಹೀಗಾದರೆ, ಕತ್ತಲಲ್ಲಿ ಗಾಬರಿಯಾದ ಅಪಾರ್ಟ್‌ಮೆಂಟಿನವರು ಯಾರಿಗೆ ಹೊಡೆಯುತ್ತಾರೋ!

ಹಾಗಂತ ಈಗಿನ ವ್ಯವಸ್ಥೆ ಸರಿಯಾಗಿದೆ ಅಂತಲೂ ನಾನು ಹೇಳುವುದಿಲ್ಲ. 2019ರ ತಿದ್ದುಪಡಿಯಲ್ಲಿ ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿದರು. ಒಬ್ಬರ ಹತ್ತಿರ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿದರು. ಸಂಭ್ರಮದಲ್ಲಿ ಬೇಕಾಬಿಟ್ಟಿ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಎಲ್ಲವೂ ಒಳ್ಳೆಯದೇ. ಆದರೂ ನವೀಕರಣಕ್ಕೆ ಹೋದ ರೈತ ಕಚೇರಿಯಿಂದ ಕಚೇರಿಗೆ ಅಲೆಯುವುದು ತಪ್ಪಿಲ್ಲ. ಅವನಿಗೆ ಬೇಗ ಕೆಲಸ ಮಾಡಿಕೊಡಲಿ. ಅದರ ಜೊತೆಗೆ, ಕೋವಿ ಎಲ್ಲಿಟ್ಟಿದ್ದಾನೆ, ಬೀಗ ಇದೆಯಾ ಅಂತ ಮನೆಗೇ ಬಂದು ನೋಡಲಿ.

ನಿಮ್ಮ ಭಯ ಮನೆಗಳ್ಳರದ್ದಾದರೆ ಬಾಗಿಲಿಗೆ ಗಟ್ಟಿ ಗ್ರಿಲ್ ಹಾಕಿಸಿ, ಹೊರಗೆ ದೀಪ, ಒಂದು ಕ್ಯಾಮೆರಾ ಇರಲಿ. ಸದ್ದು ಕೇಳಿದರೆ ಒಳಗಿನಿಂದ ಚಿಲಕ ಹಾಕಿಕೊಂಡು 112ಕ್ಕೆ ಫೋನ್ ಮಾಡಿ. ಪಕ್ಕದ ಮನೆಯವರ ನಂಬರೂ ಇಟ್ಟುಕೊಂಡಿರಿ, ಪೊಲೀಸರಿಗಿಂತ ಮೊದಲು ಬರುವವರು ಅವರೇ.