ಸಣ್ಣ ಹೊಳೆಯ ರಭಸದಲ್ಲಿ ಕಯಾಕ್ ಯಾನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವು ನಾಲ್ವರು ಗೆಳೆಯರು ದೊಡ್ಡ ನದಿಯೊಂದರಲ್ಲಿ ಮಾರ್ಗದರ್ಶಕರ ಜೊತೆ ರಾಫ್ಟಿಂಗ್ ಮಾಡಿದ್ದೇವೆ; ಕಯಾಕ್ ನಡೆಸುವ ಪ್ರಾಥಮಿಕ ತರಬೇತಿಯನ್ನೂ ಪಡೆದಿದ್ದೇವೆ. ಈಗ ಚಿಕ್ಕ ಹೊಳೆಯೊಂದರಲ್ಲಿ ಸುಮಾರು ಹತ್ತು ಕಿಲೋಮೀಟರ್ ದೂರ ನಾವಾಗಿಯೇ ಹೋಗಬೇಕೆಂದಿದ್ದೇವೆ. ಬಹಳ ಕಡೆ ಸೊಂಟದ ಮಟ್ಟಕ್ಕಷ್ಟೇ ನೀರಿದೆ, ಎಲ್ಲರಿಗೂ ಈಜು ಬರುತ್ತದೆ. ಹೆಚ್ಚು ಅಪಾಯವಿರಲಾರದು ಎಂದುಕೊಂಡಿದ್ದೇವೆ. ಯೋಜನೆ ಹೇಗಿರಬೇಕು?

ಉತ್ತರ: ನಿಮ್ಮ ಉತ್ಸಾಹ ಮೆಚ್ಚತಕ್ಕದ್ದು. ಆದರೆ ಹೊಳೆ ಚಿಕ್ಕದಾದ್ದರಿಂದ ಅಪಾಯವೂ ಚಿಕ್ಕದು ಎಂಬ ಎಣಿಕೆಯನ್ನು ಮೊದಲು ಕೈಬಿಡಿ. ದೊಡ್ಡ ನದಿಯಲ್ಲಿ ಅಲೆಗಳು ಎತ್ತರವಾಗಿರುತ್ತವೆ, ನಿಜ. ಆದರೆ ಅಲ್ಲಿ ಅಗಲವಿರುತ್ತದೆ, ದಾರಿ ತಪ್ಪಿದ ದೋಣಿಯನ್ನು ಮತ್ತೆ ಹತೋಟಿಗೆ ತರಲು ಅವಕಾಶವೂ ಇರುತ್ತದೆ. ಚಿಕ್ಕ ಹೊಳೆಯಲ್ಲಿ ತಿರುವಿನಾಚೆ ಏನಿದೆ ಎಂದು ಕಾಣುವಷ್ಟರಲ್ಲಿ ದೋಣಿ ಅದರ ಹತ್ತಿರವೇ ಹೋಗಿರುತ್ತದೆ, ಮತ್ತು ಒಂದೇ ಒಂದು ಮರ ಉರುಳಿದರೂ ಈ ದಡದಿಂದ ಆ ದಡದವರೆಗೆ ಹೊಳೆಯೇ ಮುಚ್ಚಿಹೋಗುತ್ತದೆ.

ಸೊಂಟದ ಮಟ್ಟದ ನೀರು ಎಂಬ ಧೈರ್ಯವೂ ಸಲ್ಲದು. ರಭಸದ ನೀರಿನಲ್ಲಿ ಎದ್ದು ನಿಲ್ಲಲು ಹೋದವರ ಪಾದ ತಳದ ಕಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡರೆ, ಹಿಂದಿನಿಂದ ನೂಕುವ ನೀರು ದೇಹವನ್ನು ಮುಂದಕ್ಕೆ ಬಾಗಿಸಿ ಮುಖವನ್ನು ಮುಳುಗಿಸಿಬಿಡುತ್ತದೆ. ಆಗ ಎಂಥ ಈಜುಗಾರರಿಗೂ ಈಜು ನೆರವಿಗೆ ಬರುವುದಿಲ್ಲ. ಹರಿವಿನ ವೇಗ ಇಮ್ಮಡಿಯಾದರೆ ದೇಹದ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ದೋಣಿಯಿಂದ ಬಿದ್ದವರು, ಮೊಣಕಾಲಿಗಿಂತ ಆಳವಾಗಿ ರಭಸದಿಂದ ಹರಿಯುವ ನೀರಿನಲ್ಲಿ ನಿಲ್ಲಲು ಪ್ರಯತ್ನಿಸಲೇಬಾರದು. ಬೆನ್ನ ಮೇಲೆ ತೇಲುತ್ತಾ, ಕಾಲುಗಳನ್ನು ಹರಿವು ಸಾಗುವ ಕಡೆಗೆ ಚಾಚಿ, ಪಾದಗಳನ್ನು ನೀರಿನ ಮೇಲ್ಮೈಗೆ ತಂದುಕೊಳ್ಳಬೇಕು. ತುಸು ತಿಳಿಯಾದ ಜಾಗ ಸಿಕ್ಕೊಡನೆ ಬೋರಲಾಗಿ ತಿರುಗಿ ದಡದತ್ತ ಬಿರುಸಾಗಿ ಈಜಬೇಕು. ಮಗುಚಿದ ದೋಣಿಯನ್ನು ಹಿಡಿದುಕೊಂಡಿದ್ದರೆ ನೀರು ಹರಿದುಬರುವ ಬದಿಯಲ್ಲಿರಬೇಕು, ಹರಿದುಹೋಗುವ ಬದಿಯಲ್ಲಿ ಅಲ್ಲ. ನೀರು ತುಂಬಿದ ಕಯಾಕ್ ನೂರಾರು ಕಿಲೋ ತೂಗುತ್ತದೆ, ಅದಕ್ಕೂ ಬಂಡೆಗೂ ನಡುವೆ ಸಿಕ್ಕಿದವರನ್ನು ಬಿಡಿಸುವುದು ಬಲು ಕಷ್ಟ.

ಇನ್ನು ಯೋಜನೆಯ ಮಾತು. ನೀರಿಗೆ ಇಳಿದ ಮೇಲೆ ತೆಗೆದುಕೊಳ್ಳಬೇಕಾದ ತೀರ್ಮಾನಗಳಲ್ಲಿ ಆದಷ್ಟನ್ನು ದಡದ ಮೇಲೆಯೇ ಮುಗಿಸಿಕೊಳ್ಳಿ ಎಂಬುದೇ ನನ್ನ ಮುಖ್ಯ ಸಲಹೆ. ಹರಿವಿನ ಕಷ್ಟವನ್ನು ಅಂತರರಾಷ್ಟ್ರೀಯ ಮಾಪನದಲ್ಲಿ 1ರಿಂದ 6ರವರೆಗಿನ ದರ್ಜೆಗಳಲ್ಲಿ ಹೇಳುತ್ತಾರೆ. ಪ್ರಾಥಮಿಕ ತರಬೇತಿಯಷ್ಟೇ ಆಗಿರುವ ನೀವು 2ನೆಯ ದರ್ಜೆಯನ್ನು ದಾಟದಿರುವುದು ಒಳ್ಳೆಯದು. 3ನೆಯ ದರ್ಜೆಯಲ್ಲಿ ಇಕ್ಕಟ್ಟಾದ ದಾರಿಯಲ್ಲಿ, ಅಲೆಗಳ ನಡುವೆ, ಬೇಕೆಂದ ಕಡೆಗೆ ದೋಣಿಯನ್ನು ತಪ್ಪದೆ ತಿರುಗಿಸುವ ಕೌಶಲ ಬೇಕಾಗುತ್ತದೆ. ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ, ಅಥವಾ ನೆರವು ಬೇಗ ತಲುಪಲಾರದಷ್ಟು ದೂರದ ಜಾಗವಾಗಿದ್ದರೆ, ಹೇಳಿರುವ ದರ್ಜೆಗೆ ಇನ್ನೊಂದನ್ನು ಕೂಡಿಸಿಕೊಂಡೇ ಲೆಕ್ಕ ಹಾಕಬೇಕು.

ಆ ಹತ್ತು ಕಿಲೋಮೀಟರಿನಲ್ಲಿ ದಡದ ಮೇಲೆ ನಡೆಯಲು ಸಾಧ್ಯವಿರುವಷ್ಟನ್ನು ಮೊದಲೇ ನಡೆದು ನೋಡಿ. ಇಳಿಯುವ ಜಾಗ ಮತ್ತು ಮುಗಿಸುವ ಜಾಗಗಳಷ್ಟೇ ಸಾಲದು. ಮಧ್ಯದಲ್ಲಿ ಯಾನವನ್ನು ಬಿಟ್ಟು ರಸ್ತೆ ಸೇರಬಹುದಾದ ಎರಡು ಮೂರು ಕಡೆಗಳನ್ನೂ ನಕಾಶೆಯಲ್ಲಿ ಗುರುತಿಸಿರಬೇಕು. ಮುಗಿಸುವ ಜಾಗವನ್ನು ನೀರಿನ ಕಡೆಯಿಂದ ನೋಡಿದರೆ ಹೇಗೆ ಕಾಣುತ್ತದೆ ಎಂಬುದನ್ನು ಮನದಟ್ಟು ಮಾಡಿಕೊಳ್ಳಿ, ಏಕೆಂದರೆ ದಡದಿಂದ ಎದ್ದು ಕಾಣುವ ಗುರುತು ದೋಣಿಯಲ್ಲಿ ಕುಳಿತವರಿಗೆ ಪೊದೆಯ ಮರೆಯಲ್ಲಿ ಹೋಗಿರಬಹುದು.

ನಡೆಯುವಾಗ ಎರಡನ್ನು ವಿಶೇಷವಾಗಿ ಹುಡುಕಬೇಕು. ಮೊದಲನೆಯದು, ನೀರಿಗೆ ಬಿದ್ದ ಮರ. ಇದು ಜರಡಿಯಂತೆ ಕೆಲಸ ಮಾಡುತ್ತದೆ: ನೀರು ಕೊಂಬೆಗಳ ನಡುವೆ ಹಾದುಹೋಗುತ್ತದೆ, ಮನುಷ್ಯ ಮತ್ತು ದೋಣಿ ಅಲ್ಲಿಯೇ ಉಳಿಯುತ್ತಾರೆ. ಬಂಡೆಗೆ ಬಡಿದ ನೀರು ಮರಳಿ ಪುಟಿಯುವುದರಿಂದ ದೋಣಿಗೆ ಅಲ್ಲೊಂದು ಮೆತ್ತೆ ಸಿಗುತ್ತದೆ. ಕೊಂಬೆಗಳ ಮುಂದೆ ಅಂಥ ಅಲೆ ಏಳುವುದಿಲ್ಲ, ಹರಿವು ಸದ್ದಿಲ್ಲದೆ ನೇರವಾಗಿ ಒಳಕ್ಕೆ ಎಳೆಯುತ್ತದೆ. ಹೊಳೆ ತಿರುಗುವಲ್ಲಿ ಹೊರಬದಿಯ ದಡ ಕೊರೆದುಹೋಗಿ ಮರಗಳು ಅಲ್ಲಿಯೇ ಹೆಚ್ಚಾಗಿ ಉರುಳುತ್ತವೆ, ಹರಿವು ದೋಣಿಯನ್ನು ಒಯ್ಯುವುದೂ ಅದೇ ಬದಿಗೆ. ಆದ್ದರಿಂದ ತಿರುವಿಗೆ ಬರುವ ಮುನ್ನವೇ ಒಳಬದಿಗೆ ಸರಿದಿರಬೇಕು. ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲವೆನಿಸಿದಾಗ ನೀರಿನಲ್ಲಿರುವವರು ಕಾಲು ಮುಂದಿಟ್ಟು ತೇಲುವುದನ್ನು ಬಿಟ್ಟು, ತಲೆ ಮುಂದಾಗಿ ಜೋರಾಗಿ ಈಜಿ, ಮರದ ಮೇಲಕ್ಕೆ ದೇಹವನ್ನು ಎಳೆದುಕೊಳ್ಳಬೇಕು.

ಎರಡನೆಯದು, ಹೊಳೆಗೆ ಅಡ್ಡಲಾಗಿ ಕಟ್ಟಿದ ಗಿಡ್ಡ ಒಡ್ಡು. ಮೇಲಿನಿಂದ ಬರುವವರಿಗೆ ನೀರಿನ ಮೇಲೊಂದು ನೇರ ಗೆರೆಯಷ್ಟೇ ಕಾಣುತ್ತದೆ. ಆದರೆ ಅದರ ಬುಡದಲ್ಲಿ ನೀರು ಹಿಮ್ಮುಖವಾಗಿ ಸುತ್ತುತ್ತಾ, ಸಿಕ್ಕಿದ್ದನ್ನು ಮತ್ತೆ ಮತ್ತೆ ಒಡ್ಡಿನ ಕಡೆಗೇ ಎಳೆದು ಮುಳುಗಿಸುತ್ತದೆ. ಈ ಸುತ್ತು ಇಡೀ ಅಗಲಕ್ಕೂ ಒಂದೇ ಸಮನಾಗಿರುವುದರಿಂದ ಪಕ್ಕಕ್ಕೆ ಸರಿದು ಪಾರಾಗಲು ಸಂದಿಯೂ ಇರುವುದಿಲ್ಲ. ಎತ್ತರ ಒಂದೇ ಮೀಟರ್ ಇದ್ದರೂ ಸರಿ, ದೋಣಿಯನ್ನು ಹೊತ್ತು ದಡದ ಮೇಲೆಯೇ ದಾಟಿ.

ಮೊದಲ ಬಾರಿಗೆ ಆ ಹೊಳೆಯನ್ನು ಬಲ್ಲ ಅನುಭವಿಯೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರು ಮುಂದಿರಲಿ, ನಿಮ್ಮಲ್ಲಿ ಹೆಚ್ಚು ನುರಿತವರು ಕೊನೆಯಲ್ಲಿರಲಿ, ಪ್ರತಿಯೊಬ್ಬರಿಗೂ ಹಿಂದಿನ ದೋಣಿ ಕಾಣುತ್ತಿರಲಿ. ನಾಲ್ವರಲ್ಲಿ ಯಾರೇ ಒಬ್ಬರು ಒಂದು ಇಳಿತವನ್ನು ಬೇಡವೆಂದರೆ ಅವರ ಮೇಲೆ ಒತ್ತಾಯ ಹೇರದೆ ದೋಣಿ ಹೊತ್ತು ನಡೆಯಲು ನೆರವಾಗುವುದಾಗಿ ಮೊದಲೇ ಒಪ್ಪಿಕೊಂಡು ಹೊರಡಿ. ನೀರಿನಲ್ಲಿದ್ದಾಗ ಇದನ್ನು ಚರ್ಚಿಸಲು ಹೊತ್ತಿರುವುದಿಲ್ಲ.

ಪ್ರಶ್ನೆ: ಹೊರಡುವ ದಿನ ನೀರಿನ ಮಟ್ಟ ಸರಿಯಾಗಿದೆಯೆಂದು ತಿಳಿಯುವುದು ಹೇಗೆ? ಮಧ್ಯದಲ್ಲಿ ನೀರು ಏರಿದರೆ ಏನು ಮಾಡಬೇಕು?

ಉತ್ತರ: ಹರಿವನ್ನು ಅಳೆಯುವ ಕೇಂದ್ರ ಆ ಹೊಳೆಯ ಮೇಲಿದ್ದರೆ ಅಂದಿನ ಅಂಕಿಯನ್ನು ನೋಡಿ, ಆದರೆ ಅಂಕಿಯೊಂದೇ ಇದ್ದರೆ ಅದರಿಂದ ಹೆಚ್ಚೇನೂ ತಿಳಿಯದು. ಹಿಂದಿನ ಕೆಲವು ಗಂಟೆಗಳಲ್ಲಿ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ಮುಖ್ಯ. ಅಂಕಿ ಘನ ಮೀಟರ್‌ನಲ್ಲಿದೆಯೋ ಘನ ಅಡಿಯಲ್ಲಿದೆಯೋ ಎಂಬುದನ್ನೂ ಗಮನಿಸಬೇಕು, ಏಕೆಂದರೆ ಸೆಕೆಂಡಿಗೆ ಒಂದು ಘನ ಮೀಟರ್ ಎಂದರೆ ಸುಮಾರು 35 ಕ್ಯುಸೆಕ್, ಅಂದರೆ ಸೆಕೆಂಡಿಗೆ 35 ಘನ ಅಡಿ. ಚಿಕ್ಕ ಹೊಳೆಗಳ ಜಲಾನಯನ ಪ್ರದೇಶ ಕಿರಿದಾದ್ದರಿಂದ ಮೇಲ್ಭಾಗದಲ್ಲಿ ಸುರಿದ ಮಳೆ ಕೆಲವೇ ಗಂಟೆಗಳಲ್ಲಿ ಕೆಳಕ್ಕೆ ಬಂದುಬಿಡುತ್ತದೆ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಹೊಳೆ ಏರಬಹುದು. ಮೇಲ್ಭಾಗದಲ್ಲಿ ಅಣೆಕಟ್ಟಿದ್ದರೆ ನೀರು ಬಿಡುವ ವೇಳೆಯನ್ನು ವಿಚಾರಿಸದೆ ಇಳಿಯಲೇಬೇಡಿ.

ವಿಶ್ರಾಂತಿಗೆ ನಿಂತಾಗಲೆಲ್ಲ ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿಯನ್ನು ನೆಟ್ಟು, ಹೊರಡುವ ಮುನ್ನ ನೋಡಿ. ಕಡ್ಡಿಯ ಬುಡ ಮುಳುಗಿದ್ದು, ನೀರು ಕದಡಿ, ಎಲೆ ಪುರಳೆಗಳು ತೇಲಿಬರುತ್ತಿದ್ದರೆ ಹೊಳೆ ಏರುತ್ತಿದೆ ಎಂದು ತಿಳಿಯಬೇಕು. ಆಗ ಮುಂದಿನ ಗುರುತಿಸಿದ ಜಾಗದಲ್ಲಿ, ಅದೂ ದೂರವಿದ್ದರೆ ನಿಂತಲ್ಲಿಯೇ, ಯಾನವನ್ನು ನಿಲ್ಲಿಸಿ ದೋಣಿಗಳನ್ನು ಎತ್ತರದ ನೆಲಕ್ಕೆ ಸಾಗಿಸಿ. ಬೇಗ ಬೇಗ ಮುಗಿಸಿಬಿಡೋಣ ಎಂಬ ಆಲೋಚನೆಗೆ ಎಡೆಗೊಡಬೇಡಿ.

ಪ್ರಶ್ನೆ: ನನ್ನ ಮಗಳು ಇಂಥ ಯಾನಕ್ಕೆ ಹೊರಟಿದ್ದಾಳೆ. ಲೈಫ್ ಜಾಕೆಟ್ ಮತ್ತು ಹೆಲ್ಮೆಟ್ ಇದ್ದರೆ ಸಾಕಲ್ಲವೇ? ಹಗ್ಗವೊಂದನ್ನು ಸೊಂಟಕ್ಕೆ ಕಟ್ಟಿಕೊಳ್ಳಲು ಹೇಳಲೇ?

ಉತ್ತರ: ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳಲು ಖಂಡಿತ ಹೇಳಬೇಡಿ. ಅದು ಬಂಡೆಗೋ ಕೊಂಬೆಗೋ ಸುತ್ತಿಕೊಂಡರೆ ಹರಿವು ಅವರನ್ನು ನೀರಿನಡಿಯಲ್ಲಿಯೇ ಹಿಡಿದಿಡುತ್ತದೆ.

ಲೈಫ್ ಜಾಕೆಟ್ ಇದ್ದರಷ್ಟೇ ಸಾಲದು, ಮೈಗೆ ಬಿಗಿಯಾಗಿ ಕೂರಬೇಕು. ಎಲ್ಲ ಪಟ್ಟಿಗಳನ್ನು ಬಿಗಿದ ಮೇಲೆ ಭುಜದ ಭಾಗವನ್ನು ಹಿಡಿದು ಮೇಲಕ್ಕೆತ್ತಿ ನೋಡಿ. ಅದು ಕಿವಿಯವರೆಗೆ ಜಾರಿ ಬಂದರೆ ನೀರಿನಲ್ಲಿ ತಲೆಯಿಂದಲೇ ಕಳಚಿಹೋಗಬಹುದು. ನೀರು ತಣ್ಣಗಿದ್ದರೆ ಒದ್ದೆಯಾದರೂ ಮೈ ಬೆಚ್ಚಗಿಡುವ ವೆಟ್‌ಸೂಟ್ ಅಥವಾ ನೀರನ್ನು ಒಳಕ್ಕೆ ಬಿಡದ ಡ್ರೈಸೂಟ್ ಬೇಕು, ಹತ್ತಿ ಬಟ್ಟೆ ಬೇಡ. ತಣ್ಣೀರಿಗೆ ಬಿದ್ದ ಮೊದಲ ನಿಮಿಷದಲ್ಲಿ ಉಸಿರು ಹತೋಟಿ ತಪ್ಪುತ್ತದೆ, ಸುಮಾರು ಹತ್ತು ನಿಮಿಷಗಳಲ್ಲಿ ಕೈಬೆರಳುಗಳು ಹೇಳಿದ ಮಾತು ಕೇಳದಂತಾಗುತ್ತವೆ. ಪಾದ ಪೂರ್ತಿ ಮುಚ್ಚುವ ಶೂ ಮತ್ತು ಜಾಕೆಟ್ಟಿಗೇ ಸಿಕ್ಕಿಸಿದ ಸೀಟಿಯೂ ಇರಲಿ.

ಹಗ್ಗದ ಸರಿಯಾದ ಜಾಗ ಎಸೆಯುವ ಚೀಲದಲ್ಲಿ. ತೇಲುವ ಹಗ್ಗ 15ರಿಂದ 20 ಮೀಟರ್‌ನಷ್ಟು ಅದರೊಳಗೆ ಸಡಿಲವಾಗಿ ತುಂಬಿರುತ್ತದೆ. ದಡದಲ್ಲಿ ನಿಂತವರು ಒಂದು ತುದಿಯನ್ನು ಹಿಡಿದು, ನೀರಿನಲ್ಲಿರುವವರ ಹೆಸರು ಕೂಗಿ, ಅವರ ಕಣ್ಣು ತಮ್ಮತ್ತ ತಿರುಗಿದ ಮೇಲೆ ಚೀಲವನ್ನು ಅವರ ತಲೆಯಾಚೆಗೆ ಎಸೆಯಬೇಕು, ಹಗ್ಗ ಎದೆಯ ಮೇಲೆ ಬೀಳುವಂತೆ. ಹಿಡಿದವರು ಅದನ್ನು ಕೈಗೆ ಸುತ್ತಿಕೊಳ್ಳದೆ, ಭುಜದ ಮೇಲಿಂದ ತಂದು ಎದೆಗೆ ಅವಚಿ ಬೆನ್ನ ಮೇಲೆ ತೇಲಿದರೆ ಹರಿವೇ ಅವರನ್ನು ದಡಕ್ಕೆ ತಿರುಗಿಸುತ್ತದೆ. ಎಸೆಯುವವರು ಮಾತ್ರ, ಹಾಗೆ ತಿರುಗಿ ಬರುವ ದಾರಿಯಲ್ಲಿ ಬಂಡೆಯಾಗಲಿ ಬಿದ್ದ ಮರವಾಗಲಿ ಇಲ್ಲದ ಜಾಗದಲ್ಲೇ ನಿಂತಿರಬೇಕು. ಈ ಎಸೆತ ಅಭ್ಯಾಸವಿಲ್ಲದೆ ಗುರಿ ಮುಟ್ಟುವುದಿಲ್ಲವಾದ್ದರಿಂದ, ನಿಮ್ಮ ಮಗಳೂ ಅವಳ ಜೊತೆಗಾರರೂ ಬಯಲಿನಲ್ಲಿ ಸಾಕಷ್ಟು ಬಾರಿ ಎಸೆದು ಕಲಿತಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳಿ. ಎಲ್ಲಿ ಇಳಿಯುತ್ತಾರೆ, ಎಲ್ಲಿ ಮುಗಿಸುತ್ತಾರೆ, ಎಷ್ಟು ಗಂಟೆಯಾದರೂ ಸುದ್ದಿ ಬಾರದಿದ್ದರೆ ನೀವು ಯಾರಿಗೆ ಕರೆ ಮಾಡಬೇಕು ಎಂಬುದನ್ನೂ ಅವಳಿಂದ ಬರೆಸಿಟ್ಟುಕೊಳ್ಳಿ.