ಸ್ವಿಫ್ಟ್ ವಿಎಕ್ಸ್‌ಐಗೆ 165/80 ಬದಲು 185/65 ಟಯರ್ ಹಾಕಿಸಬಹುದಾ? ಯಾವ ಕಂಪನಿಯದು ಒಳ್ಳೇದು?

ಅಂಗಡಿಯವನು ‘ಕೂರುತ್ತೆ ಸಾರ್, ರಿಮ್ಮು 14 ತಾನೇ’ ಅಂದಿರ್ತಾನೆ. ನನಗೂ ಹಾಗೇ ಅಂದಿದ್ದ. ಕೂರೋದೇನೋ ಕೂರುತ್ತೆ.

ನನ್ನದು 2013ರ ವಿಎಕ್ಸ್‌ಐ. ಭಾವನ ಹತ್ತಿರ ಅದೇ ವರ್ಷದ ಝಡ್‌ಎಕ್ಸ್‌ಐ (ಸ್ವಿಫ್ಟಿನದೇ ಮೇಲಿನ ಮಾಡೆಲ್ಲು) ಇತ್ತು, ದಪ್ಪ ಟಯರು, ನೋಡೋಕೆ ಚೆಂದ. ಅದರ ಮೇಲೆ 185/65 ಅಂತಿದ್ದದ್ದನ್ನ ಓದ್ಕೊಂಡು ತೀರ್ಥಹಳ್ಳಿಯ ಅಂಗಡಿಗೆ ಹೋಗಿ, ನಾಲ್ಕೂ ಚಕ್ರಕ್ಕೆ 185/65 ಆರ್14 ಹಾಕಿಸ್ದೆ. ಭಾವನ ಟಯರಿನ ಮೇಲೆ ಇದ್ದದ್ದು ಆರ್15. ಆ ಕೊನೇ ಅಂಕಿ, ಅಂದ್ರೆ ರಿಮ್ಮಿನ ಇಂಚು, ನಾನು ನೋಡಲೇ ಇಲ್ಲ.

ನಾನು ಮೋಸ ಹೋಗಿದ್ದು ಆ 65ರಲ್ಲಿ. ಅದು ಮಿಲಿಮೀಟರ್ ಅಲ್ಲ. 185 ಮಿ.ಮೀ. ಅಗಲದಲ್ಲಿ ನೂರಕ್ಕೆ 65ರಷ್ಟು ಟಯರಿನ ಪಕ್ಕದ ಗೋಡೆ ಎತ್ತರ ಇದೆ ಅಂತ ಅರ್ಥ. ಅಂದ್ರೆ 120 ಮಿ.ಮೀ. ನಿಮ್ಮ 165/80ರಲ್ಲಿ ಗೋಡೆ 132. ಗೋಡೆ ಮೇಲೊಂದು, ಕೆಳಗೊಂದು. ಮಧ್ಯೆ ರಿಮ್ಮಿನ 14 ಇಂಚು, ಅಂದ್ರೆ 355.6. ಕೂಡಿ ನೋಡಿ: ನಿಮ್ಮ ಹಳೇ ಚಕ್ರದ ಎತ್ತರ ಸುಮಾರು 620 ಮಿ.ಮೀ., ನಾನು ಹಾಕಿಸಿದ್ದು 596. ಭಾವನದ್ದು 15 ಇಂಚಿನ ರಿಮ್ಮಾದ್ದರಿಂದ 621ಕ್ಕೆ ಬರುತ್ತೆ. ಕಂಪನಿಯವರು ರಿಮ್ ದೊಡ್ಡದು ಮಾಡಿದಾಗ ಗೋಡೆ ಗಿಡ್ಡ ಮಾಡಿದ್ರು. ನಾನು ಗೋಡೆ ಮಾತ್ರ ಗಿಡ್ಡ ಮಾಡ್ದೆ. (‘ಆರ್’ ಅಂದ್ರೆ ರಿಮ್ ಅಂತ ತುಂಬಾ ಜನ ತಿಳ್ಕೊಂಡಿದಾರೆ. ಅದು ರೇಡಿಯಲ್, ಟಯರು ಕಟ್ಟಿರೋ ರೀತಿ.)

ಮೊದಲ ತಿಂಗಳು ನನ್ನ ಖುಷಿ ಕೇಳ್ಬೇಡಿ. ಲೀಟರಿಗೆ 16 ಕಿ.ಮೀ. ಕೊಡ್ತಿದ್ದ ಗಾಡಿ ಹದಿನಾರೂವರೆ ಮೇಲೆ ಕೊಡ್ತಿದೆ ಅಂತ ಆಫೀಸಲ್ಲೆಲ್ಲ ಹೇಳ್ಕೊಂಡು ಬಂದೆ. ಚಕ್ರ ಚಿಕ್ಕದಾಗಿ ಜಾಸ್ತಿ ಸುತ್ತು ತಿರುಗ್ತಿತ್ತು, 100 ಕಿ.ಮೀ. ಓಡಿದ್ರೆ ಮೀಟರು 104 ತೋರಿಸ್ತಿತ್ತು, ಅಷ್ಟೇ. ಗಾಡಿ 12 ಮಿ.ಮೀ. ತಗ್ಗಿತ್ತು ಬೇರೆ. ಕಿರುಬೆರಳಿನ ದಪ್ಪ ಅಷ್ಟೆ, ಆದ್ರೆ ಐದು ಜನ ಕೂತ್ರೆ ಮನೆ ಹತ್ತಿರದ ಹಂಪು ಪ್ರತಿ ಸಲ ಹೊಟ್ಟೆ ಕೆರೀತಿತ್ತು.

ಬುದ್ಧಿ ಬಂದಿದ್ದು ಆಗುಂಬೆ ಘಾಟಿಯಲ್ಲಿ. ಉಡುಪಿ ಕಡೆ ಇಳೀತಿದ್ವಿ, ಮಳೆ, ಮುಂದಿನ ಎಡ ಚಕ್ರ ಪಂಚರ್. ಸ್ಟೆಪ್ನಿ ಮಾತ್ರ ಹಳೇ 165/80. ಬೇರೆ ದಾರಿ ಇರಲಿಲ್ಲ, ಹಾಕ್ದೆ. ಮುಂದೆ ಒಂದು ಚಕ್ರ ಎರಡು ಸೆಂಟಿಮೀಟರಿಗಿಂತ ಎತ್ತರ, ಇನ್ನೊಂದು ಗಿಡ್ಡ! ಸ್ಟಿಯರಿಂಗ್ ಒಂದೇ ಕಡೆ ಎಳೀತಿತ್ತು. ಹೆಬ್ರಿ ಸಿಗೋವರೆಗೆ ಹಿಂದಿನ ಸೀಟಿನಲ್ಲಿ ಅಮ್ಮ ಒಂದು ಮಾತೂ ಆಡಲಿಲ್ಲ, ಅದೇ ಹೆದರಿಕೆ. ವಾಪಸ್ ಬಂದ ವಾರವೇ ಹೊಸ ಟಯರುಗಳನ್ನ ಅರ್ಧಕ್ಕಿಂತ ಕಡಿಮೆಗೆ ಮಾರಿ 165/80ಕ್ಕೇ ಬಂದೆ.

ಹಾಗಾಗಿ ‘ಯಾವ ಕಂಪನಿ’ ಅನ್ನೋ ಪ್ರಶ್ನೆ ಪಕ್ಕಕ್ಕಿಡಿ. ಅಗಲ ಯಾಕೆ ಬೇಕು ನಿಮಗೆ? ಗ್ರಿಪ್‌ಗೆ ಅಂತೀರಿ. ನಿಂತ ನೀರಿನ ಮೇಲೆ ಅಗಲ ಟಯರೇ ಬೇಗ ತೇಲೋದು, ಸಪೂರದ್ದು ನೀರು ಸೀಳ್ಕೊಂಡು ಹೋಗುತ್ತೆ. ಗ್ರಿಪ್ ಬೇಕಾದ್ರೆ ಸವೆದ ಟಯರನ್ನ ಬೇಗ ಬದಲಾಯಿಸಿ, ತಾಜಾ ಮಾಲು ಕೇಳಿ. ಗೋಡೆ ಮೇಲೆ ನಾಲ್ಕು ಅಂಕಿ ಇರುತ್ತೆ. 2324 ಅಂದ್ರೆ 2024ರ 23ನೇ ವಾರ ತಯಾರಾದದ್ದು. ಸೈಜಿನ ಪಕ್ಕ 85ಟಿ ಅಂತಿದ್ರೆ, 85 ಅಂದ್ರೆ ಒಂದು ಟಯರು 515 ಕೆ.ಜಿ. ಹೊರುತ್ತೆ ಅಂತ. ಅದಕ್ಕಿಂತ ಕಡಿಮೆಯದ್ದು ಪುಕ್ಕಟೆ ಕೊಟ್ರೂ ಬೇಡ.

ಅಗಲ ಆಗ್ಲೇಬೇಕು ಅಂತ ಹಟ ಇದ್ರೆ 185/70 ಆರ್14 ಕೇಳಿ, ಎತ್ತರದಲ್ಲಿ ಐದೇ ಮಿ.ಮೀ. ವ್ಯತ್ಯಾಸ. ನಾನಂತೂ ಹಾಕಿಸಲ್ಲ. ಅಂಗಡಿಗೆ ಹೋಗೋ ಮುಂಚೆ ಡ್ರೈವರ್ ಬಾಗಿಲ ಹತ್ತಿರ ಕಂಪನಿಯವರ ಟಯರ್ ಸೈಜ್ ಬರೆದಿರೋ ಸ್ಟಿಕ್ಕರಿನ ಫೋಟೊ ತಗೊಳ್ಳಿ. ಡಿಕ್ಕಿ ತೆಗೆದು ಸ್ಟೆಪ್ನಿ ಮೇಲೆ ಏನು ಬರೆದಿದೆ ಅಂತಲೂ ನೋಡಿ, ಆರ್ ಮುಂದಿನ ಅಂಕಿ ಸಮೇತ.