ಕಾರ್ಬುರೇಟರ್ ಸ್ಕ್ರೂಗೆ ಕೈ ಹಾಕುವ ಮೊದಲು

ಓದುಗರ ಪ್ರಶ್ನೆ – ನಮ್ಮ ಉತ್ತರ: ಹಳೆಯ ಜಿಪ್ಸಿ, ಜೀಪುಗಳ ಎಂಜಿನ್ ಆರೈಕೆ

ಪ್ರಶ್ನೆ: ನನ್ನದು 1998ರ ಜಿಪ್ಸಿ ಕಿಂಗ್, ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಗಾಡಿ. ಸ್ಲೋ ಸ್ಪೀಡ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ನಿಧಾನ ಓಟ) ನಿಲ್ಲುವುದಿಲ್ಲ. ಬ್ರೇಕ್ ಒತ್ತಿ ನಿಂತರೆ ಆಫ್ ಆಗುತ್ತದೆ. ಜೋಗಿಮಟ್ಟಿ ಬೆಟ್ಟದ ಏರಿನಲ್ಲಿ ಮೊದಲಿನಂತೆ ಎಳೆಯುವುದಿಲ್ಲ. ಮೂರು ಸಲ ಕಾರ್ಬುರೇಟರ್ ಟ್ಯೂನ್ ಮಾಡಿಸಿದೆ. ವಾರ ಸರಿಯಿದ್ದು ಮತ್ತೆ ಹಾಗೇ. ಮನೆಯಲ್ಲೇ ಮಾಡಿಕೊಳ್ಳಲು ಸಾಧ್ಯವೇ? ಎಲ್ಲಿಂದ ಶುರು ಮಾಡಲಿ?
– ಓದುಗರು, ಚಿತ್ರದುರ್ಗ

ಉತ್ತರ: ಖಂಡಿತ ಸಾಧ್ಯ. ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿಗಳು), ಕಂಪ್ರೆಷನ್ ಗೇಜ್, ಟೈಮಿಂಗ್ ಲೈಟ್, ಒಂದು ಸ್ಪ್ಯಾನರ್ ಸೆಟ್ ಇದ್ದರೆ ಅರ್ಧ ದಿನದ ಕೆಲಸ. ಆದರೆ ಕ್ರಮ ತಪ್ಪಬಾರದು: ಮೊದಲು ಗಾಳಿ, ಆಮೇಲೆ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತಿದಾಗಿನ ಒತ್ತಡ), ಟ್ಯಾಪೆಟ್ (ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಗ್ಯಾಪ್), ಕಿಡಿ, ಪೆಟ್ರೋಲ್ ಎಲ್ಲಕ್ಕಿಂತ ಕೊನೆಗೆ. ನಿಮ್ಮ ಗಾಡಿಯಲ್ಲಿ ಮೂರು ಸಲವೂ ಕೊನೆಯದರಿಂದ ಶುರುವಾಗಿದೆ. ಟ್ಯಾಪೆಟ್ ಬಿಗಿಯಾಗಿದ್ದರೂ ಗಾಳಿ ಸೋರುತ್ತಿದ್ದರೂ ಮಿಕ್ಸ್ಚರ್ ಸ್ಕ್ರೂ (ಗಾಳಿಗೆ ಬೆರೆಯುವ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುವ ಸ್ಕ್ರೂ) ಸ್ವಲ್ಪ ಬಿಚ್ಚಿದರೆ ಆ ದೋಷ ಕೆಲವು ದಿನ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ. ಆ ಸ್ಕ್ರೂ ನಡೆಯುವುದು ಸ್ಲೋ ಸ್ಪೀಡ್‌ನಲ್ಲಿ ಮಾತ್ರ, ಏರಿನಲ್ಲಿ ಎಳೆಯದಿರುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಗಾಳಿ ಎಂದರೆ ಮೊದಲು ಫಿಲ್ಟರ್. ಅದು ಸ್ವಚ್ಛವಾಗಿದ್ದರೆ ಸಾಲದು, ಅಂಚಿನ ಸೀಲ್ ಗಟ್ಟಿಯಾಗಿ ಕೂತಿರಬೇಕು. ಫಿಲ್ಟರ್ ತೆಗೆದು, ಅದರಾಚೆ ಕಾರ್ಬುರೇಟರ್ ಕಡೆಗಿನ ಪೈಪಿನೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ. ಬಟ್ಟೆಗೆ ಕೆಮ್ಮಣ್ಣು ಅಂಟಿದರೆ ಧೂಳು ಫಿಲ್ಟರ್ ದಾಟಿ ಎಂಜಿನ್ನಿಗೆ ಹೋಗುತ್ತಿದೆ ಎಂದರ್ಥ. ನಮ್ಮ ಕಡೆಯ ಎಂಜಿನ್‌ಗಳ ರಿಂಗು, ಬೋರು ಬೇಗ ಸವೆಯಲು ಇದಕ್ಕಿಂತ ದೊಡ್ಡ ಕಾರಣವಿಲ್ಲ. ಕಂಪ್ರೆಸರ್ ಗಾಳಿ ಹೊಡೆಯುವುದಾದರೆ ಕಡಿಮೆ ಒತ್ತಡದಲ್ಲಿ, ಒಳಗಿನಿಂದ ಹೊರಕ್ಕೆ ಹೊಡೆಯಿರಿ. ಹೊರಗಿನಿಂದ ಹೊಡೆದರೆ ಧೂಳು ಕಾಗದದ ಒಳಕ್ಕೇ ನಾಟುತ್ತದೆ.

ಇನ್ನು ಸೋರಿಕೆ. ಎಂಜಿನ್ ಓಡುತ್ತಿರುವಾಗ ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್, ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಹೋಗುವ ಕವಲು ಪೈಪ್) ಜೋಡಣೆ, ಥ್ರಾಟಲ್ ಶಾಫ್ಟಿನ (ಆಕ್ಸಿಲರೇಟರ್ ಒತ್ತಿದಾಗ ಕಾರ್ಬುರೇಟರಿನಲ್ಲಿ ತಿರುಗುವ ಸರಳು) ಎರಡು ತುದಿಗಳ ಮೇಲೆ ಸ್ಪ್ರೇ ಬಾಟಲಿಯಿಂದ ನೀರು ಸಿಂಪಡಿಸಿ; ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ನೆನೆಯದಂತೆ ನೋಡಿಕೊಳ್ಳಿ. ಎಲ್ಲಿ ಸಿಂಪಡಿಸಿದಾಗ ಎಂಜಿನ್ನಿನ ಸದ್ದು ಬದಲಾಗುತ್ತದೋ ಅಲ್ಲೇ ಸೋರಿಕೆ. ಇದಕ್ಕೆ ಪೆಟ್ರೋಲ್ ಬಳಸುವವರಿದ್ದಾರೆ, ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಇರುವಾಗ ಅದು ಬೆಂಕಿಯ ಜೊತೆ ಆಟ. ಬ್ರೇಕ್ ಒತ್ತಿದಾಗಲೇ ಆಫ್ ಆಗುತ್ತದೆ ಎಂದಿದ್ದೀರಿ, ಆದ್ದರಿಂದ ಎಂಜಿನ್ನಿನ ಎಳೆತದಿಂದ ಬ್ರೇಕಿಗೆ ಬಲ ಕೊಡುವ ಬ್ರೇಕ್ ಬೂಸ್ಟರಿನ ಹೋಸ್ ಮೇಲೆ ನನ್ನ ಅನುಮಾನ ಹೆಚ್ಚು. ಬಟ್ಟೆ ಸುತ್ತಿದ ಇಕ್ಕಳದಿಂದ ಆ ಹೋಸನ್ನು ಅಮುಕಿ ಹಿಡಿದು, ನಿಂತಲ್ಲೇ ಬ್ರೇಕ್ ಒತ್ತಿಸಿ ನೋಡಿ. ಆಗ ಎಂಜಿನ್ ಕುಗ್ಗದಿದ್ದರೆ ತಪ್ಪು ಹೋಸ್ ಅಥವಾ ಬೂಸ್ಟರಿನದು. ಥ್ರಾಟಲ್ ಶಾಫ್ಟ್ ಸವೆದು ಅಲ್ಲಾಡುತ್ತಿದ್ದರೆ ಹೊಸ ಕಾರ್ಬುರೇಟರ್ ಕೊಳ್ಳಲು ಓಡಬೇಡಿ. ನುರಿತ ಲೇತ್ ಕೆಲಸಗಾರ ಹಿತ್ತಾಳೆಯ ಬುಷ್ ಕೂರಿಸಿಕೊಡುತ್ತಾನೆ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್‌ಗಳನ್ನೇ ತಯಾರಿಸಿದ ಹರಿಹರ ನಿಮಗೆ ದೂರವೇನಲ್ಲ.

ಕಂಪ್ರೆಷನ್ ನೋಡುವಾಗ ಎಂಜಿನ್ ಬಿಸಿಯಿರಲಿ, ನಾಲ್ಕೂ ಪ್ಲಗ್ ಬಿಚ್ಚಿರಲಿ, ಕಾಯಿಲ್ ವೈರ್ ಕಳಚಿರಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿರಲಿ. ಈ 1.3 ಲೀಟರ್ ಎಂಜಿನ್ನಿಗೆ ಸುಮಾರು 199 ಪಿಎಸ್‌ಐ ಸರಿಯಾದ ಅಳತೆ, 170 ಕೆಳಮಿತಿ, ಸಿಲಿಂಡರ್‌ಗಳ ನಡುವೆ 14ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಒಂದು ಮಾತು ನೆನಪಿರಲಿ: ಚಿತ್ರದುರ್ಗ ಸಮುದ್ರ ಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡವೇ ಶೇ 8ರಷ್ಟು ಕಡಿಮೆ. ಗೇಜ್ 180ರ ಆಸುಪಾಸು ತೋರಿಸಿದರೆ ಎಂಜಿನ್ ಹಳೆಯದಾಯಿತೆಂದು ಹೆದರಬೇಕಿಲ್ಲ. ಒಂದು ಸಿಲಿಂಡರ್ ಮಾತ್ರ ಕಡಿಮೆಯಿದ್ದರೆ ಪ್ಲಗ್ ತೂತಿನಿಂದ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕೂರುತ್ತಿಲ್ಲ.

ವಾಲ್ವ್ ಕೂರದಿರಲು ಬಹಳ ಸಲ ಟ್ಯಾಪೆಟ್ಟೇ ಕಾರಣ. ಟ್ಯಾಪೆಟ್ ಸದ್ದು ಮಾಡಿದರೆ ಎಲ್ಲರೂ ಗಾಬರಿಯಾಗುತ್ತಾರೆ. ನಿಜವಾದ ಅಪಾಯ ಸದ್ದಿಲ್ಲದ ಟ್ಯಾಪೆಟ್ಟಿನದು. ಎಕ್ಸಾಸ್ಟ್ ವಾಲ್ವ್ ವರ್ಷಗಳಲ್ಲಿ ಸೀಟಿನೊಳಕ್ಕೆ ಇಳಿಯುತ್ತಾ ಹೋದಂತೆ ಗ್ಯಾಪ್ ಕಡಿಮೆಯಾಗುತ್ತದೆ. ವಾಲ್ವ್ ಪೂರ್ತಿ ಮುಚ್ಚದೆ, ಬಿಸಿಯನ್ನು ಸೀಟಿಗೆ ಬಿಟ್ಟುಕೊಡಲಾಗದೆ ಅಂಚು ಸುಟ್ಟುಹೋಗುತ್ತದೆ. ಸ್ಲೋ ಸ್ಪೀಡ್ ನಿಲ್ಲದಿರುವುದು, ಏರಿನಲ್ಲಿ ಎಳೆಯದಿರುವುದು ಎರಡಕ್ಕೂ ಇದೊಂದೇ ಕಾರಣ ಸಾಕು.

ರಾತ್ರಿಯಿಡೀ ನಿಂತ ಎಂಜಿನ್ ಮೇಲೆ ಬೆಳಿಗ್ಗೆಯೇ ಈ ಕೆಲಸ ಮಾಡಿ. ತಣ್ಣಗಿದ್ದಾಗ ಇನ್‌ಟೇಕ್ ಗ್ಯಾಪ್ 0.13ರಿಂದ 0.17 ಮಿ.ಮೀ., ಎಕ್ಸಾಸ್ಟ್ 0.16ರಿಂದ 0.20 ಮಿ.ಮೀ. ಕಾರ್ಬುರೇಟರ್ ಕಡೆಯವು ಇನ್‌ಟೇಕ್, ಸೈಲೆನ್ಸರ್ ಕಡೆಯವು ಎಕ್ಸಾಸ್ಟ್. ಕ್ರ್ಯಾಂಕ್ ಪುಲ್ಲಿಯನ್ನು ಎದುರಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ, ಗುರುತನ್ನು ಸೊನ್ನೆಗೆ ತನ್ನಿ. ಡಿಸ್ಟ್ರಿಬ್ಯೂಟರ್ ರೋಟರ್ ಒಂದನೇ ಪ್ಲಗ್ ವೈರಿನ ಕಡೆ ಮುಖ ಮಾಡಿದ್ದರೆ ಒಂದನೇ ಸಿಲಿಂಡರ್ ಕಂಪ್ರೆಷನ್ ತುದಿಯಲ್ಲಿದೆ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಲ್ಲಿ ಕಿಡಿ ಬೀಳುವ ಸರದಿ) 1-3-4-2. ಈ ಸ್ಥಿತಿಯಲ್ಲಿ 1ರ ಎರಡೂ ವಾಲ್ವ್, 2ರ ಇನ್‌ಟೇಕ್, 3ರ ಎಕ್ಸಾಸ್ಟ್ ಸಡಿಲವಾಗಿರುತ್ತವೆ. ಈ ನಾಲ್ಕನ್ನು ಹೊಂದಿಸಿ. ಕ್ರ್ಯಾಂಕನ್ನು ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ಉಳಿದ ನಾಲ್ಕು, ಅಂದರೆ 4ರ ಎರಡೂ, 3ರ ಇನ್‌ಟೇಕ್, 2ರ ಎಕ್ಸಾಸ್ಟ್. ಫೀಲರ್ ಪಟ್ಟಿ ಎಳೆದಾಗ ಸ್ವಲ್ಪ ಹಿಡಿದಂತೆ ಬರಬೇಕು. ಸ್ಕ್ರೂ ಅಲುಗದಂತೆ ಹಿಡಿದು ಲಾಕ್ ನಟ್ ಬಿಗಿ ಮಾಡಿ (15ರಿಂದ 19 ನ್ಯೂಟನ್ ಮೀಟರ್). ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಲೇಬೇಕು, ನಟ್ ಜೊತೆ ಸ್ಕ್ರೂ ತಿರುಗಿಬಿಟ್ಟಿರುತ್ತದೆ. ರಾಕರ್ ಮುಖದಲ್ಲಿ ಗುಳಿ ಬಿದ್ದಿದ್ದರೆ ಪಟ್ಟಿ ಗುಳಿಯ ಮೇಲೆ ಸೇತುವೆಯಂತೆ ಕೂತು ಸುಳ್ಳು ಅಳತೆ ಕೊಡುತ್ತದೆ. ಅಂಥ ರಾಕರ್ ಬದಲಾಯಿಸಿ.

ಕಿಡಿಯ ವಿಷಯ ಚಿಕ್ಕದು. ಪ್ಲಗ್ ಗ್ಯಾಪ್ 0.7ರಿಂದ 0.8 ಮಿ.ಮೀ. ಟೈಮಿಂಗ್‌ಗೆ (ಕಿಡಿ ಬೀಳುವ ಹೊತ್ತು) ಮ್ಯಾನ್ಯುಯಲ್‌ನ ಅಂಕಿಯನ್ನೇ ನಂಬಿ. ಟೈಮಿಂಗ್ ಲೈಟ್ ಹಿಡಿದು ರೇಸ್ ಮಾಡಿದಾಗ ಗುರುತು ಮುಂದಕ್ಕೆ ಸರಿಯಬೇಕು. ಸರಿಯದಿದ್ದರೆ ಡಿಸ್ಟ್ರಿಬ್ಯೂಟರ್ ಒಳಗಿನ ಅಡ್ವಾನ್ಸ್ ತೂಕಗಳು ಜಾಮ್ ಆಗಿವೆ. ವ್ಯಾಕ್ಯೂಮ್ ಅಡ್ವಾನ್ಸ್ ಪೈಪನ್ನು ಕಳಚಿ ಬಾಯಿಂದ ಎಳೆದು ನೋಡಿ. ಒಳಗಿನ ಪ್ಲೇಟ್ ಅಲುಗಬೇಕು, ಎಳೆತ ನಿಲ್ಲಬೇಕು. ಗಾಳಿ ಸಲೀಸಾಗಿ ಬಂದರೆ ಡಯಾಫ್ರಮ್ ಹರಿದಿದೆ.

ಈಗ ಕಾರ್ಬುರೇಟರ್. ಚೋಕ್ ನಾಬ್ ಒಳಗೆ ತಳ್ಳಿದಾಗ ಚೋಕ್ ಎಲೆ (ತಣ್ಣಗಿದ್ದಾಗ ಗಾಳಿ ತಡೆಯುವ ತಟ್ಟೆ) ಪೂರ್ತಿ ನೆಟ್ಟಗೆ ನಿಲ್ಲುತ್ತದೆಯೇ ನೋಡಿ. ಕಾರ್ಬುರೇಟರಿಗೆ ವೈರ್ ಇರುವ ಕಟ್ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ಪೆಟ್ರೋಲ್ ವಾಲ್ವ್) ಇದ್ದರೆ, ಕೀ ಆನ್ ಮಾಡಿದಾಗ ಟಿಕ್ ಎನ್ನಬೇಕು. ಎನ್ನದಿದ್ದರೆ ಸ್ಲೋ ಸ್ಪೀಡ್‌ಗೆ ಪೆಟ್ರೋಲೇ ಹೋಗುವುದಿಲ್ಲ. ಇವು ಸರಿಯಿದ್ದ ಮೇಲೆ ಮಿಕ್ಸ್ಚರ್ ಸ್ಕ್ರೂವನ್ನು ಹಗುರವಾಗಿ ಒಳಕ್ಕೆ ಮುಟ್ಟಿಸಿ, ಎರಡೂವರೆ ಸುತ್ತು ಬಿಚ್ಚಿ. ಬಿಗಿಯಾಗಿ ತಿರುಚಿದರೆ ಸೂಜಿ ತುದಿಯಲ್ಲಿ ಗೆರೆ ಬಿದ್ದು ಮತ್ತೆಂದೂ ಟ್ಯೂನ್ ಆಗುವುದಿಲ್ಲ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡಲ್ (ಸ್ಲೋ ಸ್ಪೀಡ್) ಸ್ಕ್ರೂನಿಂದ 800 ಆರ್‌ಪಿಎಂಗೆ ತನ್ನಿ. ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತಿನಂತೆ ತಿರುಗಿಸುತ್ತಾ ಆರ್‌ಪಿಎಂ ಎಲ್ಲಿ ಅತಿ ಹೆಚ್ಚಾಗುತ್ತದೋ ಅಲ್ಲಿ ನಿಲ್ಲಿಸಿ, ಮತ್ತೆ 800ಕ್ಕೆ ಇಳಿಸಿ. ಇನ್ನೊಮ್ಮೆ ಇದೇ ರೀತಿ ಮಾಡಿ. ಕೊನೆಗೆ ಆರ್‌ಪಿಎಂ ಸ್ವಲ್ಪವೇ ಕುಗ್ಗುವಷ್ಟು ಸ್ಕ್ರೂ ಒಳಕ್ಕೆ ತಿರುಗಿಸಿ ಬಿಡಿ. ಮೇಲಿನ ನಾಲ್ಕೂ ಸರಿಯಿದ್ದರೆ ಇದಕ್ಕೆ ಹತ್ತು ನಿಮಿಷವೂ ಬೇಡ.

ಪ್ರಶ್ನೆ: ತೋಟಕ್ಕೆ ಓಡಾಡುವ ಮಹೀಂದ್ರ ಎಂಎಂ 540 ಡೀಸೆಲ್ ಜೀಪಿದೆ. ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕು. ಸ್ಟಾರ್ಟ್ ಆದ ಮೇಲೆ ಬಿಳಿ ಹೊಗೆ, ಐದು ನಿಮಿಷಕ್ಕೆ ಸರಿಹೋಗುತ್ತದೆ. ಡೀಸೆಲ್ ಪಂಪ್ ಬಿಚ್ಚಿಸಬೇಕೆಂದು ಹೇಳುತ್ತಿದ್ದಾರೆ.
– ಓದುಗರು, ಚಳ್ಳಕೆರೆ

ಉತ್ತರ: ಪಂಪಿಗೆ ಈಗಲೇ ಕೈ ಹಾಕಿಸಬೇಡಿ, ಅಷ್ಟು ಖರ್ಚಿನ ಕೆಲಸಕ್ಕೆ ಇನ್ನೂ ಕಾರಣ ಸಿಕ್ಕಿಲ್ಲ. ಬಿಸಿಯಾದ ಮೇಲೆ ನಿಂತುಹೋಗುವ ಬಿಳಿ ಹೊಗೆ ಎಂದರೆ ಸುಡದೆ ಹೊರಬಂದ ಡೀಸೆಲ್. ದಿನವಿಡೀ ಬಂದು, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. 2112 ಸಿಸಿಯ ಈ ಪ್ಯೂಜೋ ಎಂಜಿನ್ನಿನಲ್ಲಿ ಡೀಸೆಲ್ ಮೊದಲು ಹೆಡ್‌ನ ಚಿಕ್ಕ ಕೋಣೆಯಲ್ಲಿ ಉರಿಯುತ್ತದೆ. ತಣ್ಣಗಿದ್ದಾಗ ಆ ಕೋಣೆಯ ಗೋಡೆಗಳೇ ಬಿಸಿಯನ್ನು ಹೀರಿಬಿಡುವುದರಿಂದ ಅದನ್ನು ಮೊದಲೇ ಕಾಯಿಸುವ ಹೀಟರ್ ಪ್ಲಗ್ ಇಲ್ಲದೆ ನಡೆಯದು. ಒಂದು ಪ್ಲಗ್ ಸತ್ತರೂ ನೀವು ಹೇಳಿದ ಲಕ್ಷಣವೇ ಕಾಣುತ್ತದೆ.

ಪ್ಲಗ್‌ಗಳನ್ನು ಜೋಡಿಸುವ ಪಟ್ಟಿ ಅಥವಾ ವೈರ್ ಬಿಚ್ಚಿ, ಬ್ಯಾಟರಿ ಪಾಸಿಟಿವ್‌ನಿಂದ ಟೆಸ್ಟ್ ಲ್ಯಾಂಪ್ ಮೂಲಕ ಪ್ರತಿ ಪ್ಲಗ್ ತಲೆಗೆ ಮುಟ್ಟಿಸಿ. ದೀಪ ಹತ್ತದ ಪ್ಲಗ್ ಹೋಗಿದೆ. ನಾಲ್ಕನ್ನೂ ಒಟ್ಟಿಗೆ ಬದಲಾಯಿಸುವುದು ಒಳ್ಳೆಯದು. ಎಲ್ಲವೂ ಸರಿಯಿದ್ದರೆ ಕೀ ತಿರುಗಿಸಿದಾಗ ಪಟ್ಟಿಗೆ ಕರೆಂಟ್ ಬರುತ್ತಿದೆಯೇ ಎಂದು ನೋಡಿ. ರಿಲೇ, ವೈರಿನ ತುದಿ ತುಕ್ಕು ಹಿಡಿದಿರಬಹುದು. ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದು, ಪೆಟ್ರೋಲ್ ಬಟ್ಟೆ ಹಿಡಿಯುವುದು ಎರಡೂ ಬೇಡ. ಕೆಂಪಗೆ ಕಾದ ಪ್ಲಗ್ ತಾಗಿ ಮ್ಯಾನಿಫೋಲ್ಡಿನಲ್ಲೇ ಸಿಡಿಯುತ್ತದೆ, ಪಿಸ್ಟನ್ ಒಡೆದ ಉದಾಹರಣೆಗಳಿವೆ.

ಎರಡನೆಯ ಅನುಮಾನ ಏರ್, ಅಂದರೆ ಡೀಸೆಲ್ ಲೈನಿನೊಳಗೆ ಸೇರಿದ ಗಾಳಿ. ಗಾಡಿಯನ್ನು ಒಂದು ರಾತ್ರಿ ಮೂತಿ ಮೇಲಾಗಿ, ಮರುರಾತ್ರಿ ಮೂತಿ ಕೆಳಗಾಗಿ ಇಳಿಜಾರಿನಲ್ಲಿ ನಿಲ್ಲಿಸಿ ನೋಡಿ. ಸ್ಟಾರ್ಟ್ ಆಗುವುದರಲ್ಲಿ ವ್ಯತ್ಯಾಸ ಕಂಡರೆ ಟ್ಯಾಂಕಿನಿಂದ ಪಂಪಿನವರೆಗಿನ ಲೈನಿನಲ್ಲಿ ಗಾಳಿ ಎಳೆಯುತ್ತಿದೆ, ಡೀಸೆಲ್ ಹಿಂದಕ್ಕೆ ಇಳಿಯುತ್ತಿದೆ. ಫಿಲ್ಟರ್ ವಾಷರ್, ಬ್ಯಾಂಜೋ ಬೋಲ್ಟಿನ (ಡೀಸೆಲ್ ಪೈಪ್ ಕೂಡಿಸುವ ಟೊಳ್ಳು ಬೋಲ್ಟ್) ತಾಮ್ರದ ವಾಷರ್ ಬದಲಾಯಿಸಿ. ಹಳೆಯ ವಾಷರನ್ನು ಮತ್ತೆ ಬಿಗಿದರೆ ಮತ್ತೆ ಸೋರುತ್ತದೆ. ಏರ್ ತೆಗೆಯಲು ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈ ಪಂಪ್ ಒತ್ತಿ, ಪಂಪಿನ ಸ್ಕ್ರೂನಲ್ಲೂ ಹಾಗೆಯೇ ಮಾಡಿ. ಕೊನೆಗೆ ನಾಜಲ್ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆದು, ಡೀಸೆಲ್ ಒಸರಿದ ಕೂಡಲೇ ಬಿಗಿ ಮಾಡಿ. ಓಡುವ ಎಂಜಿನ್ನಿನ ಡೀಸೆಲ್ ಧಾರೆಗೆ ಬೆರಳು ಒಡ್ಡಬೇಡಿ, ಆ ಒತ್ತಡಕ್ಕೆ ಚರ್ಮ ತೂರಿ ಒಳಹೋಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಇದರ ಟ್ಯಾಪೆಟ್ ತಣ್ಣಗಿದ್ದಾಗ ಇನ್‌ಟೇಕ್ 0.15, ಎಕ್ಸಾಸ್ಟ್ 0.25 ಮಿ.ಮೀ. ಹೊಂದಿಸುವಾಗ ಐದರ ಲೆಕ್ಕ ಇಟ್ಟುಕೊಳ್ಳಿ: 4ರ ಎರಡೂ ವಾಲ್ವ್ ಒಟ್ಟಿಗೆ ಅಲುಗುವಾಗ 1ನ್ನು, 3ರವು ಅಲುಗುವಾಗ 2ನ್ನು ಹೊಂದಿಸಬೇಕು, ಕೂಡಿದರೆ ಐದು.

ಆಯಿಲ್ ಬಾತ್ ಏರ್ ಕ್ಲೀನರ್ (ಬಟ್ಟಲಿನ ಆಯಿಲಿನಲ್ಲಿ ಧೂಳು ಹಿಡಿಯುವ ಫಿಲ್ಟರ್) ಇದ್ದರೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬಟ್ಟಲು ತೆಗೆದು ನೋಡಿ. ತಳದ ಕೆಸರು ಅರ್ಧ ಇಂಚು ಮುಟ್ಟುವ ಮೊದಲೇ ಡೀಸೆಲಿನಲ್ಲಿ ತೊಳೆದು ಹೊಸ ಆಯಿಲ್ ಹಾಕಿ. ಗುರುತಿನ ಗೆರೆ ಮೀರಿ ತುಂಬಬೇಡಿ. ಹೆಚ್ಚಾದ ಆಯಿಲನ್ನು ಎಂಜಿನ್ ಎಳೆದುಕೊಂಡರೆ ಅದನ್ನೇ ಸುಡುತ್ತಾ ರೇಸ್ ಏರಿ ಕೀಗೂ ನಿಲ್ಲುವುದಿಲ್ಲ. ಹಾಗಾದರೆ ಗಾಳಿ ಬರುವ ಬಾಯಿಗೆ ಹಲಗೆ ಅಡ್ಡ ಹಿಡಿಯಿರಿ, ಕೈಯನ್ನಲ್ಲ.

ಪ್ರಶ್ನೆ: ಇ20 (ಶೇ 20 ಎಥನಾಲ್ ಬೆರೆತ) ಪೆಟ್ರೋಲ್ ಬಂದ ಮೇಲೆ ಹಳೆಯ ಜಿಪ್ಸಿಯಲ್ಲಿ ಪಿಕಪ್ ತಡವರಿಸುತ್ತಿದೆ. ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬರುವ ಸಣ್ಣ ತೂತು) ದೊಡ್ಡದು ಮಾಡಿಸಲೇ?
– ಓದುಗರು, ದಾವಣಗೆರೆ

ಉತ್ತರ: ಡ್ರಿಲ್ ಹಾಕಿಸಿ ದೊಡ್ಡದು ಮಾಡಿಸಲೇಬೇಡಿ. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಹಳೆಯ ಜೆಟ್ಟಿನಲ್ಲಿ ಮಿಶ್ರಣ ಸುಮಾರು ಶೇ 8ರಷ್ಟು ತೆಳುವಾಗುತ್ತದೆ ಎಂಬುದು ನಿಜ. ಆದರೆ ದಾವಣಗೆರೆಯ ಸುಮಾರು 600 ಮೀಟರ್ ಎತ್ತರದಲ್ಲಿ ಗಾಳಿ ವಿರಳವಾಗಿದ್ದು ಮಿಶ್ರಣ ತಾನಾಗಿ ಶೇ 3ರಷ್ಟು ದಪ್ಪವಾಗುವುದರಿಂದ ಉಳಿಯುವ ಕೊರತೆ ಕಡಿಮೆ. ಮೊದಲು ಪೆಟ್ರೋಲ್ ಫಿಲ್ಟರ್ ಬದಲಾಯಿಸಿ. ಟ್ಯಾಂಕು, ಪೈಪಿನೊಳಗೆ ಹಿಡಿದಿದ್ದ ಹಳೆಯ ಅಂಟನ್ನು ಎಥನಾಲ್ ಕರಗಿಸಿ ತಂದು ಫಿಲ್ಟರ್ ಕಟ್ಟಿಸುತ್ತದೆ. ಆಮೇಲೆ ಏರ್ ಕ್ಲೀನರ್ ತೆಗೆದು, ಎಂಜಿನ್ ಆಫ್ ಇರುವಾಗ ಥ್ರಾಟಲ್ ಕೈಯಲ್ಲಿ ತಿರುಗಿಸಿ: ಆಕ್ಸಿಲರೇಟರ್ ಪಂಪಿನ ನಳಿಕೆಯಿಂದ ಗಟ್ಟಿ ಧಾರೆ ಚಿಮ್ಮಬೇಕು. ತಡವರಿಸುವ ಪಿಕಪ್ಪಿಗೆ ಬಹಳ ಸಲ ಇದರ ಉಬ್ಬಿದ ಡಯಾಫ್ರಮ್ಮೇ ಕಾರಣ. ಇದೂ ಸರಿಯಿದ್ದು ಪ್ಲಗ್ ತುದಿ ಬೆಳ್ಳಗೆ ಸುಟ್ಟಂತೆ ಕಂಡರೆ ಆಗ ಮೇನ್ ಜೆಟ್ ಒಂದೇ ಸೈಜು ಏರಿಸಿ.

ಪೆಟ್ರೋಲ್ ಹೋಸ್‌ಗಳನ್ನೆಲ್ಲ ಎಥನಾಲ್ ತಾಳುವ ಎಸ್‌ಎಇ ಜೆ30 ಆರ್9 ದರ್ಜೆಯವಕ್ಕೆ ಬದಲಾಯಿಸಿ. ದರ್ಜೆ ಹೋಸ್ ಮೇಲೆಯೇ ಅಚ್ಚಾಗಿರುತ್ತದೆ. ಹಳೆಯ ರಬ್ಬರ್ ಬಾಗಿಸಿದಾಗ ಬಿರುಕು ಕಂಡರೆ ನಾಳೆಗೆ ಮುಂದೂಡಬೇಡಿ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಕಾರ್ಬುರೇಟರ್ ಬಟ್ಟಲು ಖಾಲಿ ಮಾಡಿಡಿ. ಎಥನಾಲ್ ನೀರು ಹೀರುತ್ತದೆ, ನೀರು ಜೆಟ್‌ಗಳಿಗೆ ಕಿಲುಬು ತರುತ್ತದೆ.

ಪ್ರಶ್ನೆ: ಕೆರೆಯ ಹಿನ್ನೀರು ದಾಟಿ ಬಂದ ಮೇಲೆ ಡಿಫರೆನ್ಶಿಯಲ್ (ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ) ಆಯಿಲ್ ಮಜ್ಜಿಗೆಯಂತಾಗಿದೆ. ಸೀಲ್ ಹೋಗಿದೆಯೇ?
– ಓದುಗರು, ಚನ್ನಗಿರಿ

ಉತ್ತರ: ಮೊದಲು ಬ್ರೀದರ್ (ಆಕ್ಸಲ್ ಒಳಗಿನ ಗಾಳಿ ಆಡಲು ಇರುವ ತೂತು) ನೋಡಿ. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕೆಸರಿನಿಂದ ಕಟ್ಟಿದ್ದರೆ ಸೀಲಿನ ಅಂಚಿನಿಂದ, ತೆರೆದಿದ್ದು ನೀರಿನಲ್ಲಿ ಮುಳುಗಿದರೆ ಬ್ರೀದರಿನಿಂದಲೇ ಆಕ್ಸಲ್ ನೀರು ಎಳೆದುಕೊಳ್ಳುತ್ತದೆ. ಬ್ರೀದರ್ ಬಾಯಿಗೆ ರಬ್ಬರ್ ಪೈಪ್ ಕೂರಿಸಿ, ಚಾಸಿಸ್ ಗುಂಟ ಬಾನೆಟ್ ಎತ್ತರದವರೆಗೆ ಒಯ್ದು ತುದಿಯನ್ನು ಕೆಳಮುಖವಾಗಿ ಕಟ್ಟಿ. ಮಜ್ಜಿಗೆಯಾದ ಆಯಿಲ್‌ನಲ್ಲಿ ಒಂದು ದಿನವೂ ಓಡಿಸಬೇಡಿ. ಗಾಡಿ ಸ್ವಲ್ಪ ಓಡಿಸಿ ಬಿಸಿ ಮಾಡಿ, ಪೂರ್ತಿ ಇಳಿಸಿ, ಹೊಸ 80ಡಬ್ಲ್ಯು-90 ಗೇರ್ ಆಯಿಲನ್ನು ಫಿಲ್ಲರ್ ತೂತಿನ ಅಂಚಿನವರೆಗೆ ತುಂಬಿ. ನೂರು ಕಿ.ಮೀ. ಆದ ಮೇಲೆ ಇನ್ನೊಮ್ಮೆ ಇಳಿಸಿ ನೋಡಿ. ಆಗಲೂ ಬಿಳಿಯಿದ್ದರೆ ಮತ್ತೊಮ್ಮೆ ಬದಲಾಯಿಸಿ. ಪೈಪ್ ಕಟ್ಟಿದ ಮೇಲೂ ನೀರು ಸೇರಿದರೆ ಆಗ ಸೀಲ್ ಹಾಕಿಸಿ.